ಕ್ಯಾಂಪಸ್‌ಗೆ ಬಾರದ ಚಿರತೆ

ಸಾರ್ವಜನಿಕ ಸಂಪರ್ಕದಲ್ಲಿ ಎಂ.ಎ. ಓದುವವರಿಗೆ ಸಾರ್ವಜನಿಕರಿಂದ ಎಡವಟ್ಟಾಗುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ ನನ್ನನ್ನು ಕೇಳಬೇಕು. ಭದ್ರಾವತಿಯಿಂದ ದಿನಾ ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಪಿ.ಆರ್.ಓ. ಕೆಲಸ ನನಗಾಗಿ ಕಾದಿತ್ತು, ಆ ವರ್ಷವೇ ಪಾಸಾದರೆ ಮಾತ್ರ.

ಅಮ್ಮನ ಅನುಮಾನ

ಇದರಲ್ಲಿ ಕಲಿಸುವುದೇನು ಎಂದು ಅಮ್ಮ ಮೊದಲ ದಿನವೇ ಕೇಳಿದಳು. ಜನರಿಗೆ ಸುದ್ದಿ ಮುಟ್ಟಿಸುವುದು ಹೇಗೆ ಅಂತ ಎಂದೆ. ಅಮ್ಮ ಪಕ್ಕದ ಮನೆಯಾಕೆಯ ಬಾಗಿಲ ಕಡೆ ನೋಡಿ, "ಅದಕ್ಕೆ ಎರಡು ವರ್ಷ ಯಾಕೆ ಮಾರಾಯ್ತಿ? ಅವಳ ಹತ್ರ ಒಂದು ವಾರ ಕೂತ್ಕೊಂಡ್ರೆ ಸಾಕು" ಎಂದಳು.

ಗೋಷ್ಠಿ

ಇಂಟರ್ನಲ್ ಅಂಕಕ್ಕೆ ನಿಜವಾದ ಪತ್ರಿಕಾಗೋಷ್ಠಿ ನಡೆಸಬೇಕಿತ್ತು. ರಾತ್ರಿಯಿಡೀ ಉತ್ತರ ಬಾಯಿಪಾಠ ಮಾಡಿ ಬಂದರೆ, ಬಂದದ್ದು ಒಬ್ಬರೇ ವರದಿಗಾರರು. ಅವರೂ ಕೂರಲಿಲ್ಲ. ಪ್ರೆಸ್ ನೋಟ್ ಇಸಿದುಕೊಂಡು, ಉಪ್ಪಿಟ್ಟು ತಿಂದು, ಒಂದು ಫೋಟೊ ತೆಗೆದು ಹೊರಟರು. ಮರುದಿನದ ಪತ್ರಿಕೆಯಲ್ಲಿ ನಾನು ಪತ್ರಕರ್ತರ ಹಲವು ಪ್ರಶ್ನೆಗಳಿಗೆ ಉತ್ತರಿಸಿದ್ದೆ. ಕೇಳಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಚಿರತೆ

ಕೊನೆಯ ಪ್ರಾಜೆಕ್ಟಿಗೆ ಒಂದು ಕಾಲ್ಪನಿಕ ಆಪತ್ತು ಹುಟ್ಟಿಸಿ ಪ್ರಕಟಣೆ ಬರೆಯಬೇಕಿತ್ತು. ಕ್ಯಾಂಪಸ್‌ಗೆ ಚಿರತೆ ಬಂದಿದೆ, ಯಾರೂ ಬರಬೇಡಿ ಎಂದು ಬರೆದೆ. ಓದಿದವರಿಗೆ ಅರ್ಥವಾಗುತ್ತದೆಯೇ ನೋಡೋಣವೆಂದು ವೈವಾದ ಹಿಂದಿನ ದಿನ ಅಮ್ಮನ ಮೊಬೈಲ್‌ಗೆ ಕಳಿಸಿದೆ. ಅಮ್ಮ ಗಾಬರಿಯಾಗಿ ಪಕ್ಕದ ಮನೆಯಾಕೆಗೆ ಕಳಿಸಿದಳು. ಸಂಜೆಯೊಳಗೆ ಜಿಲ್ಲೆಗೇ ಅರ್ಥವಾಗಿತ್ತು.

ಮರುದಿನ ಬೆಳಿಗ್ಗೆ ಸಾಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ಪರೀಕ್ಷಕರು ದಾರಿಯಲ್ಲಿ ಸುದ್ದಿ ಕೇಳಿ ಆಯನೂರಿನಲ್ಲೇ ಇಳಿದು, ಚಿರತೆ ಇರುವಲ್ಲಿಗೆ ಬರುವುದಿಲ್ಲ ಎಂದು ನಮ್ಮ ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ಎಷ್ಟು ಹೇಳಿದರೂ ಕೇಳಲಿಲ್ಲ. ವೈವಾ ತಪ್ಪಿದರೆ ಕೆಲಸವೂ ಹೋಯಿತು. ಅದು ಕಾಲ್ಪನಿಕ ಎಂದು ಸ್ಪಷ್ಟನೆ ಬರೆದು ಕಂಡ ಕಂಡ ಗ್ರೂಪಿಗೆಲ್ಲ ಹಾಕಿದೆ. ಒಬ್ಬರೂ ಮುಂದೆ ಕಳಿಸಲಿಲ್ಲ. ವಿಷಯ ಮುಚ್ಚಿಹಾಕುತ್ತಿದ್ದಾರೆ ಎಂದು ಜನ ಇನ್ನಷ್ಟು ಹೆದರಿದರು.

ಅಳುತ್ತಾ ಅಮ್ಮನಿಗೆ ಫೋನ್ ಮಾಡಿದೆ.

"ಇಲ್ಲ ಅಂದ್ರೆ ಯಾರು ನಂಬ್ತಾರೆ? ಸಿಕ್ತು ಅನ್ನಬೇಕು" ಎಂದ ಅಮ್ಮ, ಪಕ್ಕದ ಮನೆಯಾಕೆಗೆ ಅಷ್ಟನ್ನೇ ಹೇಳಿದಳು. ಚಿರತೆ ಸಿಕ್ಕಿದ ಸುದ್ದಿ ಅರ್ಧ ಗಂಟೆಯಲ್ಲಿ ಆಯನೂರು ಮುಟ್ಟಿತು. ಪರೀಕ್ಷಕರು ಮುಂದಿನ ಬಸ್ಸು ಹತ್ತಿದರು.

ಮಧ್ಯಾಹ್ನ ಅವರೆದುರು ಕೂತಾಗ ಮನಸ್ಸು ಚುಚ್ಚತೊಡಗಿತು. ಏನಾದರಾಗಲಿ, ನಿಜ ಹೇಳಿಬಿಡೋಣವೆಂದು, "ಸರ್, ಆ ಚಿರತೆ..." ಎಂದು ಶುರು ಮಾಡಿದೆ.

"ಗೊತ್ತಮ್ಮ," ಎಂದರು ಅವರು. "ನಾನೇ ಕಣ್ಣಾರೆ ನೋಡಿದೀನಿ. ಆಯನೂರಲ್ಲಿ ನಮ್ಮ ಬಸ್ ಪಕ್ಕದಲ್ಲೇ ಲಾರೀಲಿ ತಗೊಂಡು ಹೋದ್ರು."

ಅವರ ಮುಂದೆ ನನ್ನ ವರದಿ ತೆರೆದಿತ್ತು. ಸತ್ಯವೇ ಸಾರ್ವಜನಿಕ ಸಂಪರ್ಕದ ತಳಹದಿ ಎಂದು ಮೊದಲ ಪುಟದಲ್ಲಿ ನಾನೇ ಬರೆದಿದ್ದೆ.

"ಹೌದು ಸರ್," ಎಂದೆ. "ಹೆಣ್ಣು ಚಿರತೆ."