ಗಿರಾಕಿಗಳಿಗೆ ಮಾತ್ರ ಕುರ್ಚಿ

ತಿಪ್ಪಕ್ಕ: ಕುಂತ್ಕಾ ಅಂದ್ರೆ ಕುಂತ್ಕಾಬೇಕು. ನೀ ಕುಂತ್ಕಳಾ ತಂಕ ನಾನು ಮಾತ್ರೆ ಮುಟ್ಟಲ್ಲ.

ಜಯಶೀಲಾ: ಅಜ್ಜಿ, ಕೈ ಮುಗೀತೀನಿ. ಆ ಕುರ್ಚಿ ನಿಮಗೆ ಇಟ್ಟಿರೋದು. ನಾನು ಕುಂತ್ರೆ ಕೆಲ್ಸ ಹೋಗ್ತದೆ.

ತಿಪ್ಪಕ್ಕ: ಕುಂತ್ರೆ ಕೆಲ್ಸ ಹೋಗೋದು ಯಾವ ದೇಶದಾಗೈತವ್ವ? ಆಫೀಸಿನೋರನ್ನ ನೋಡು, ಎದ್ರೆ ಎಲ್ಲಿ ಕುರ್ಚಿ ಹೋಗ್ತದೋ ಅಂತ ಅಂಟ್ಕಂಡು ಕುಂತಿರ್ತಾರೆ.

ಹಿರಿಯೂರಿನ ಮುಖ್ಯರಸ್ತೆಯ ಮೆಡಿಕಲ್ ಸ್ಟೋರ್ ಅದು. ಊರೂರಿಗೂ ಒಂದೊಂದು ಅಂಗಡಿ ತೆರೆದು, ಎಲ್ಲ ಅಂಗಡಿಗೂ ಒಂದೇ ನೀಲಿ ಬಣ್ಣ ಬಳಿದು, ಎಲ್ಲ ನೌಕರರಿಗೂ ಒಂದೇ ನಗು ಹಂಚಿರುವ ಕಂಪನಿಯದು. ಒಳಗೆ ಏಸಿ ಇದೆ, ಹಾಡು ಇದೆ, ತೂಕ ನೋಡುವ ಯಂತ್ರವಿದೆ. ಕುರ್ಚಿ ಮಾತ್ರ ಒಂದೇ. ಕೆಂಪು ಪ್ಲಾಸ್ಟಿಕ್ಕಿನದು, ಕೌಂಟರಿನ ಹೊರಗೆ. ಅದರ ಬೆನ್ನಿಗೆ ‘ಗ್ರಾಹಕರಿಗೆ ಮಾತ್ರ’ ಎಂದು ಅಂಟಿಸಿದ್ದಾರೆ.

ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಫಾರ್ಮಸಿಸ್ಟ್ ಜಯಶೀಲಾ ನಿಂತೇ ಇದ್ದಾಳೆ. ತನ್ನ ಗಂಡ ಮಾರಪ್ಪನ ಬಿಪಿ ಮಾತ್ರೆಗೆ ಆದಿವಾಲದಿಂದ ಬಂದ ತಿಪ್ಪಕ್ಕ, ಕುರಿ ಸಾಕುವ ಮನೆಯವಳು, ಜಯಶೀಲಾಳ ಕಾಲು ನೋಡಿ ತಾನು ಕುಳಿತಿದ್ದ ಕುರ್ಚಿ ಬಿಟ್ಟು ಎದ್ದುಬಿಟ್ಟಿದ್ದಾಳೆ. ಈಗ ಕುರ್ಚಿ ಖಾಲಿ, ಇಬ್ಬರೂ ನಿಂತುಕೊಂಡು ಜಗಳವಾಡುತ್ತಿದ್ದಾರೆ.

ತಿಪ್ಪಕ್ಕ: ಕಾಲು ನೋಡ್ಕಂಡಿದೀಯಾ? ಉಬ್ಬಿ ರಾಗಿ ಮುದ್ದೆ ಆಗೈತೆ. ಚಪ್ಲಿ ಪಟ್ಟಿ ಎಲ್ಲೈತೆ ಅಂತ ಹುಡುಕ್ಬೇಕು.

ಜಯಶೀಲಾ: ಸಂಜಿಗೆ ಇಳೀತದೆ ಬಿಡ್ರಿ.

ತಿಪ್ಪಕ್ಕ: ಸಂಜಿಗೆ ಅಂಗಡಿ ಮುಚ್ತೀಯಾ?

ಜಯಶೀಲಾ: ಇಲ್ಲ, ರಾತ್ರಿ.

ತಿಪ್ಪಕ್ಕ: ಮತ್ತೆ ಸಂಜಿಗೆ ಹೆಂಗೆ ಇಳೀತದೆ? ನಮ್ಮ ಕುರಿಗಳೇ ಮಧ್ಯಾಹ್ನ ಬೇವಿನ ಮರದಡಿ ಮಲಗ್ತಾವೆ. ಎಬ್ಬಿಸಾಕೆ ಹೋದ್ರೆ ನಮ್ಮೆಜಮಾನ ನನ್ನೇ ಬೈತಾನೆ. ನಿನ್ನ ಕಾಯೋರು ಯಾರೂ ಇಲ್ವಾ?

ಜಯಶೀಲಾ ಬಾಯಿ ಬಿಡದೆ ಕಣ್ಣಿನಲ್ಲೇ ಮೇಲೆ ತೋರಿಸಿದಳು.

ತಿಪ್ಪಕ್ಕ: ದೇವರಾ? ಅವನ್ನ ನಂಬ್ಕಂಡ್ರೆ ಆಯ್ತು. ನಮ್ಮನ್ನೂ ಅವನೇ ಕಾಯ್ತಿರೋದು, ಹೆಂಗದೀವಿ ನೋಡು.

ಜಯಶೀಲಾ (ಪಿಸುಗುಟ್ಟಿ): ದೇವರಲ್ಲಜ್ಜಿ, ಕ್ಯಾಮೆರಾ.

ಸೂರಿನ ಮೂಲೆಯಲ್ಲಿ ಮೂಸಂಬಿಯಷ್ಟು ದಪ್ಪನೆಯ ಕ್ಯಾಮೆರಾ. ಅದಕ್ಕೆ ಕಣ್ಣಷ್ಟೇ ಅಲ್ಲ, ಬಾಯಿಯೂ ಇದೆ. ಏರಿಯಾ ಮ್ಯಾನೇಜರ್ ಪ್ರಭುಲಿಂಗ ಚಿತ್ರದುರ್ಗದ ಅಂಗಡಿಯಿಂದಲೇ ಅದರಲ್ಲಿ ನೋಡುತ್ತಾನೆ, ಅದರಲ್ಲೇ ಗದರುತ್ತಾನೆ. ಅವನ ಮುಖ ಕಾಣದ ಕಾರಣ ಸದ್ಯಕ್ಕೆ ಅವನನ್ನು ಸೂರು ಎಂದೇ ಕರೆಯೋಣ.

ಸೂರು: ಜಯಶೀಲಾ ಅವರೇ, ಗ್ರಾಹಕರು ನಿಂತಿದ್ದಾರೆ. ಗ್ರಾಹಕರು ನಿಂತಿರಬಾರದು.

ತಿಪ್ಪಕ್ಕ (ಬೆಚ್ಚಿಬಿದ್ದು): ಯಾವನೇ ಅವ್ನು? ಅಟ್ಟದ ಮೇಲೆ ಯಾರನ್ನ ಇಟ್ಕಂಡಿದೀಯ?

ಜಯಶೀಲಾ: ಅಜ್ಜಿ! ನಮ್ಮ ಸಾರ್ ಅವ್ರು. ದುರ್ಗದಿಂದ ಮಾತಾಡ್ತಿದಾರೆ.

ತಿಪ್ಪಕ್ಕ: ದುರ್ಗದಿಂದ ಇಲ್ಲೀ ತಂಕ ಕೇಳ್ಸಂಗೆ ಅರಚ್ತಾನೆ ಅಂದ್ರೆ ಗಂಟ್ಲು ಗಟ್ಟಿ ಐತೆ ಬಿಡು. ಏನಪ್ಪ, ಇಳ್ದು ಬಾರೋ, ಮುಖ ನೋಡಾಣ.

ಸೂರು: ಜಯಶೀಲಾ ಅವರೇ, ಸ್ವಾಗತ ವಾಕ್ಯ ಹೇಳಿಲ್ಲ. ಆಫರ್ ಹೇಳಿಲ್ಲ. ನಗುತ್ತಲೂ ಇಲ್ಲ.

ಸ್ವಿಚ್ ಒತ್ತಿದಂತೆ ಜಯಶೀಲಾಳ ಮುಖದಲ್ಲಿ ನಗು ಹತ್ತಿಕೊಂಡಿತು.

ಜಯಶೀಲಾ: ನಮಸ್ಕಾರ, ನಿಮ್ಮ ಆರೋಗ್ಯವೇ ನಮ್ಮ ಸಂಭ್ರಮ. ಇವತ್ತು ಫೇಸ್‌ವಾಶ್ ಒಂದಕ್ಕೊಂದು ಉಚಿತ. ಪ್ರೋಟೀನ್ ಪೌಡರ್ ಬೇಕಾ? ಡಯಾಪರ್ ಬೇಕಾ?

ತಿಪ್ಪಕ್ಕ: ಫೇಸ್‌ವಾಶ್ ಅಂದ್ರೆ?

ಜಯಶೀಲಾ: ಮುಖ ತೊಳ್ಕಳಾದು.

ತಿಪ್ಪಕ್ಕ: ಬೆಳಗ್ಗೇನೇ ತೊಳ್ದಿದೀನಿ, ಕಾಣ್ತಿಲ್ವಾ? ಆ ಇನ್ನೊಂದು?

ಜಯಶೀಲಾ: ಡಯಾಪರ್ರು, ಅದು ಎದ್ದು ಹೋಗಾಕೆ ಆಗ್ದಿರೋರಿಗೆ. ಇದ್ದಲ್ಲೇ ಎಲ್ಲಾ...

ತಿಪ್ಪಕ್ಕ: ಅದು ನಂಗಲ್ಲವ್ವ, ನಿಂಗೇ ಬೇಕಾಗಿರೋದು. ಬೆಳಗ್ಗಿಂದ ಹೊರಗೆ ಹೋಗಿದೀಯಾ?

ಜಯಶೀಲಾ: ಇಲ್ಲಿ ಬಾತ್ರೂಮ್ ಇಲ್ಲ. ಎದುರುಗಡೆ ಹೋಟ್ಲಿಗೆ ಹೋಗ್ಬೇಕು. ಹೋಗೋ ಮುಂಚೆ ಗ್ರೂಪಿಗೆ ಹಾಕ್ಬೇಕು.

ತಿಪ್ಪಕ್ಕ: ಯಾವ ಗ್ರೂಪಿಗೆ?

ಜಯಶೀಲಾ: ವಾಟ್ಸಾಪಿನಾಗೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಾ ಅಂಗಡಿಯೋರೂ ಅದ್ರಾಗೆ ಅದಾರೆ. ‘ನಾನು ಹೋಗಿಬರ್ತೀನಿ’ ಅಂತ ಹಾಕಿದ್ರೆ ಎಲ್ರೂ ಹೆಬ್ಬೆಟ್ಟು ಎತ್ತಿ ಕಳಿಸ್ತಾರೆ.

ತಿಪ್ಪಕ್ಕ: ಥೂ! ಒಬ್ಳು ಉಚ್ಚೆ ಹೊಯ್ಯಾಕೆ ನಾಕು ತಾಲೂಕು ಹೆಬ್ಬೆಟ್ಟು ಕೊಡ್ಬೇಕಾ? ನಮ್ಮ ಜಮೀನು ಭಾಗ ಆದಾಗ್ಲೂ ಅಷ್ಟು ಹೆಬ್ಬೆಟ್ಟು ಬಿದ್ದಿರ್ಲಿಲ್ಲ.

ಸೂರು: ಹಿರಿಯರೇ, ದಯವಿಟ್ಟು ಭಾಷೆಯ ಬಗ್ಗೆ ಗಮನವಿರಲಿ.

ತಿಪ್ಪಕ್ಕ: ಯಾಕೆ? ನಿಮ್ಮೂರಾಗೆ ಅದಕ್ಕೆ ಬ್ಯಾರೆ ಏನಂತಾರೆ?

ಸೂರು ಒಮ್ಮೆ ಕೆಮ್ಮಿತು. ತಿಪ್ಪಕ್ಕ ಅದನ್ನು ತನ್ನ ಗೆಲುವೆಂದೇ ಎಣಿಸಿ ಮುಂದುವರಿದಳು.

ತಿಪ್ಪಕ್ಕ: ಹೋದ ಸಲ ಇನ್ನೊಬ್ಬ ಇದ್ನಲ್ಲ, ಕನ್ನಡಕದೋನು. ಅವನ್ನ ನಿಲ್ಲಿಸಿ ಒಂದ್ಗಳಿಗೆ ಕುಂತ್ಕಾ.

ಜಯಶೀಲಾ: ಓಬಳೇಶಾ? ಅವರನ್ನ ಹೊಸದುರ್ಗಕ್ಕೆ ಹಾಕಿದ್ರು.

ತಿಪ್ಪಕ್ಕ: ಹೊಸದುರ್ಗದಾಗಿದ್ದೋನು?

ಜಯಶೀಲಾ: ಹೊಳಲ್ಕೆರೆಗೆ.

ತಿಪ್ಪಕ್ಕ: ಹೊಳಲ್ಕೆರೆಯೋನು?

ಜಯಶೀಲಾ: ದುರ್ಗಕ್ಕೆ ಹಾಕಿದ್ರು. ಅವ್ನು ಅವತ್ತೇ ಬಿಟ್ಟು ಕಿರಾಣಿ ಅಂಗಡಿ ಇಟ್ಕಂಡ. ಅಲ್ಲಿ ಕುಂತ್ಕಬೋದಂತೆ.

ಸೂರು: ಇದು ಕಂಪನಿಯ ಆಂತರಿಕ ವಿಷಯ.

ತಿಪ್ಪಕ್ಕ: ಸುಮ್ಕಿರೋ, ಹೆಣ್ಮಕ್ಳು ಮಾತಾಡ್ತಾ ಅದೀವಿ. ಅಲ್ಲವ್ವ, ಆ ಗೋಡೆ ಮೇಲಿರೋ ಫೋಟೋ ನಿಂದೇನಾ? ಬದುಕಿರೋರ್ನ ಯಾಕೆ ಗೋಡೆಗೆ ತಗಲಾಕಿದಾರೆ?

ಜಯಶೀಲಾ: ಅದು ನನ್ನ ಸರ್ಟಿಫಿಕೇಟ್ ಅಜ್ಜಿ. ನಾನು ಓದಿ ಪಾಸಾಗಿದೀನಿ ಅಂತ. ನಾನು ಇಲ್ದೆ ಈ ಅಂಗಡೀಲಿ ಮಾತ್ರೆ ಕೊಡಂಗಿಲ್ಲ. ಕಾನೂನು.

ತಿಪ್ಪಕ್ಕ: ಅಂದ್ರೆ ನೀನು ಇಲ್ದಿದ್ರೆ ಅಂಗಡೀನೇ ಇಲ್ಲ.

ಜಯಶೀಲಾ: ಇಲ್ಲ.

ತಿಪ್ಪಕ್ಕ: ಆದ್ರೂ ನಿಂಗೆ ಕುರ್ಚಿ ಇಲ್ಲ.

ಜಯಶೀಲಾ: ಇಲ್ಲ.

ತಿಪ್ಪಕ್ಕ: ಅಷ್ಟೆಲ್ಲ ಓದಿ ನಿಂತ್ಕಳಾದು ಕಲ್ತೆ ಅನ್ನು.

ಜಯಶೀಲಾಗೆ ನಗು ಬಂತು. ಕಂಪನಿಯ ನಗುವಲ್ಲ, ಅವಳದೇ ನಗು. ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು.

ಜಯಶೀಲಾ: ಒಂದು ಸ್ಟೂಲ್ ಕೊಡ್ರಿ ಅಂತ ಕೇಳಿದ್ದೆ. ‘ನಿಂತಿದ್ದರೆ ಚುರುಕಾಗಿ ಕಾಣುತ್ತೀರಿ’ ಅಂತ ಉತ್ರ ಬಂತು. ಈ ಕೆಲ್ಸ ನಂಗೆ ಇಷ್ಟ ಅಜ್ಜಿ. ನನ್ ಕಾಲಿಗೆ ಇಷ್ಟ ಇಲ್ಲ, ಅಷ್ಟೆ. ಈ ತಿಂಗ್ಳು ನೋಡಿ ನಾನೂ ಬಿಟ್ಬಿಡ್ತೀನಿ.

ತಿಪ್ಪಕ್ಕ: ನೀ ಬಿಟ್ರೆ ನಮ್ಮೆಜಮಾನಂಗೆ ‘ಉಪ್ಪಿನಕಾಯಿ ಮುಟ್ಬ್ಯಾಡ’ ಅಂತ ಬೈಯೋರ್ಯಾರು? ನಾನು ಬೈದ್ರೆ ಕೇಳಲ್ಲ ಅವ್ನು. ತಡಿ, ಈ ಕುರ್ಚೀನ ಒಳಗೇ ಎಳ್ಕಂತೀನಿ.

ಸೂರು: ಹಿರಿಯರೇ, ಕುರ್ಚಿ ಮುಟ್ಟಬೇಡಿ! ಅದು ಗ್ರಾಹಕರಿಗೆ ಮಾತ್ರ.

ತಿಪ್ಪಕ್ಕ: ಗಿರಾಕಿ ಅಂದ್ರೆ ಯಾರಪ್ಪ?

ಸೂರು: ಅಂಗಡಿಯಲ್ಲಿ ಏನನ್ನಾದರೂ ಕೊಂಡವರು. ಬಿಲ್ ಇರುವವರು.

ತಿಪ್ಪಕ್ಕ: ಯಾರು ಕೊಂಡ್ರೂ?

ಸೂರು: ಯಾರು ಕೊಂಡರೂ. ಕಂಪನಿಗೆ ಎಲ್ಲ ಗ್ರಾಹಕರೂ ಸಮಾನರು.

ತಿಪ್ಪಕ್ಕ: ಕುಂತಿರೋ ಗಿರಾಕೀನ ಎಬ್ಬಿಸ್ಬೋದಾ?

ಸೂರು: ಯಾವ ಕಾರಣಕ್ಕೂ ಎಬ್ಬಿಸುವಂತಿಲ್ಲ.

ತಿಪ್ಪಕ್ಕ ಜಯಶೀಲಾಳ ಮುಖ ನೋಡಿದಳು. ಜಯಶೀಲಾ ಕುರ್ಚಿಯ ಮುಖ ನೋಡಿದಳು.

ತಿಪ್ಪಕ್ಕ: ಕಾಲು ಊದಿರೋದಕ್ಕೆ ನಿಮ್ಮಂಗಡೀಲಿ ಏನೈತವ್ವ?

ಜಯಶೀಲಾ: ಸುತ್ಕಳಾ ಪಟ್ಟಿ ಐತೆ. ಕ್ರೇಪ್ ಬ್ಯಾಂಡೇಜು.

ತಿಪ್ಪಕ್ಕ: ಒಂದು ಕೊಡು.

ಜಯಶೀಲಾ: ಯಾರಿಗೆ?

ತಿಪ್ಪಕ್ಕ: ಮಂಕೇ, ನಿಂಗೆ ಕಣೇ!

ಜಯಶೀಲಾ ಬ್ಯಾಂಡೇಜ್ ತೆಗೆದಳು, ಕಂಪ್ಯೂಟರಿನಲ್ಲಿ ತನ್ನ ಹೆಸರು ಬರೆದಳು. ಅಭ್ಯಾಸಬಲ ನೋಡಿ, ಬಾಯಿ ತಾನಾಗಿ ತೆರೆಯಿತು.

ಜಯಶೀಲಾ: ನಮಸ್ಕಾರ, ನಿಮ್ಮ ಆರೋಗ್ಯವೇ ನಮ್ಮ ಸಂಭ್ರಮ. ಫೇಸ್‌ವಾಶ್ ಬೇಕಾ? ಬ್ಯಾಡ. ಪ್ರೋಟೀನ್ ಪೌಡರ್? ಬ್ಯಾಡಮ್ಮ ತಾಯಿ.

ಬಿಲ್ ಕಿರ್ರೆಂದು ಹೊರಬಂತು. ತನ್ನ ದುಡ್ಡನ್ನು ತಾನೇ ಗಲ್ಲಾಪೆಟ್ಟಿಗೆಗೆ ಹಾಕಿ, ಕೌಂಟರ್ ಸುತ್ತಿ ಬಂದು, ಬಿಲ್ಲನ್ನು ಸೂರಿಗೆ ಕಾಣುವಂತೆ ಹಿಡಿದು ಜಯಶೀಲಾ ಕೆಂಪು ಕುರ್ಚಿಯಲ್ಲಿ ಕುಳಿತಳು. ಕುಳಿತು ಬಿಟ್ಟ ಉಸಿರು ಬೆಳಗ್ಗೆಯಿಂದ ಹಿಡಿದಿಟ್ಟದ್ದೇ ಇರಬೇಕು, ಅಷ್ಟು ಉದ್ದವಿತ್ತು.

ಸೂರು: ಜಯಶೀಲಾ ಅವರೇ, ಏನಿದು?

ಜಯಶೀಲಾ: ಸಾರ್, ಗ್ರಾಹಕರ ಜೊತೆ ನಗ್ತಾ ಮಾತಾಡ್ಬೇಕು.

ಸೂರು: ಎದ್ದೇಳಿ ಮೊದಲು!

ಜಯಶೀಲಾ: ಯಾವ ಕಾರಣಕ್ಕೂ ಎಬ್ಬಿಸುವಂತಿಲ್ಲ ಸಾರ್. ಈಗ್ತಾನೇ ಯಾರೋ ದೊಡ್ಡೋರು ಹೇಳಿದ್ರು.

ಸೂರು: ಮೆಮೊ ಕೊಡಬೇಕಾಗುತ್ತದೆ!

ತಿಪ್ಪಕ್ಕ ಅಷ್ಟರಲ್ಲಿ ಕೌಂಟರ್ ಮೇಲಿದ್ದ ಪುಟ್ಟ ಪರದೆಯ ಮೇಲೆ ಬಾಗಿದ್ದಳು. ಅದರಲ್ಲಿ ಎರಡು ಮುಖಗಳು, ನಗುವ ಹಸಿರು ಮುಖ ಒಂದು, ಮುನಿಸಿಕೊಂಡ ಕೆಂಪು ಮುಖ ಇನ್ನೊಂದು.

ತಿಪ್ಪಕ್ಕ: ಇವು ಯಾರ ಮುಖನೇ?

ಜಯಶೀಲಾ: ಅಂಗಡಿ ಹೆಂಗೈತೆ ಅಂತ ಗಿರಾಕಿ ಹೇಳೋದು ಅದು. ಚೆನ್ನಾಗಿದ್ರೆ ಹಸಿರು ಒತ್ತೋದು, ಇಲ್ದಿದ್ರೆ ಕೆಂಪು.

ತಿಪ್ಪಕ್ಕ: ಕೆಂಪು ಒತ್ತಿದ್ರೆ ಯಾರಿಗೆ ಉರೀತದೆ?

ಸೂರು: ಅಜ್ಜಿ, ಬ್ಯಾಡ! ಕೈ ತೆಗಿ ಅಜ್ಜಿ!

‘ಹಿರಿಯರೇ’ ಹೋಗಿ ‘ಅಜ್ಜಿ’ ಬಂದಿತ್ತು. ತಿಪ್ಪಕ್ಕನ ಬೆರಳು ಕೆಂಪು ಮುಖದ ಮೇಲೆಯೇ ತೂಗುತ್ತಿತ್ತು.

ತಿಪ್ಪಕ್ಕ: ಯಾಕೋ ಹಂಗೆ ಬೆದರ್ತೀಯ? ಮೆತ್ತನೆ ಕುರ್ಚೀಲಿ ಕುಂತಿರೋನಿಗೆ ಏನು ಭಯ?

ಸೂರಿನ ದನಿ ಇಳಿಯಿತು.

ಸೂರು: ಕುಂತಿಲ್ಲಜ್ಜಿ.

ತಿಪ್ಪಕ್ಕ: ಮತ್ತೆ?

ಸೂರು: ನಿಂತಿದೀನಿ. ಆ ಕಿರಾಣಿ ಅಂಗಡಿಯೋನು ಬಿಟ್ಟು ಹೋದಾಗಿಂದ ಇಲ್ಲಿ ಕೌಂಟ್ರಿಗೂ ನಾನೇ. ನಾನೂ ಅದೇ ಓದಿದೋನು. ಒಂದ್ ಕಣ್ಣಾಗೆ ಮಾತ್ರೆ ಕೊಡ್ತೀನಿ, ಇನ್ನೊಂದ್ ಕಣ್ಣಾಗೆ ನಿಮ್ಮನ್ನ ನೋಡ್ತೀನಿ.

ತಿಪ್ಪಕ್ಕ: ಕುಂತ್ಕಳೋ ಮಾರಾಯ. ನಿನ್ನ ಯಾರು ನೋಡ್ತಾರೆ?

ಸೂರು: ನನ್ ತಲೆ ಮೇಲೂ ಒಂದು ಐತೆ ಅಜ್ಜಿ. ಬೆಂಗ್ಳೂರಿಂದ ನೋಡ್ತಾರೆ.

ಇಷ್ಟಾದ ಮೇಲೂ ಆ ಮನುಷ್ಯನನ್ನು ಸೂರು ಎನ್ನುವುದು ನ್ಯಾಯವಲ್ಲ.

ತಿಪ್ಪಕ್ಕ: ಯಾವೂರಪ್ಪ ನಿಂದು?

ಪ್ರಭುಲಿಂಗ: ಮತ್ತೋಡು, ಹೊಸದುರ್ಗದ ಹತ್ರ.

ತಿಪ್ಪಕ್ಕ: ಮತ್ತೋಡಿನೋನಾಗಿ ಇಷ್ಟೊತ್ತೂ ರೇಡಿಯೋ ಥರ ಮಾತಾಡಿದ್ಯಲ್ಲೋ! ನಾನು ಯಾರೋ ಪರದೇಶಿ ಅನ್ಕಂಡಿದ್ದೆ.

ಜಯಶೀಲಾ: ಸಾರ್, ಮತ್ತೆ ಸ್ಟೂಲ್ ಕೇಳಿದ್ದಕ್ಕೆ ‘ಚುರುಕಾಗಿ ಕಾಣುತ್ತೀರಿ’ ಅಂತ ನೀವೇ ಬರೆದ್ರಲ್ಲ?

ಪ್ರಭುಲಿಂಗ: ನಾನು ಕೇಳ್ದಾಗ ನಂಗೆ ಬಂದ ಉತ್ರ ಅದು. ಹಂಗೇ ನಿಮಗೆ ದಾಟಿಸಿದೆ.

ಜಯಶೀಲಾಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಯ್ಯೋ ಪಾಪ ಎನ್ನುವ ಮರುಕ, ಅದೂ ಸಿಟ್ಟಿನಷ್ಟೇ ಬಿಸಿಯಾದದ್ದು.

ತಿಪ್ಪಕ್ಕ: ನಿಮ್ಮಂಗಡೀಲೂ ಕೆಂಪು ಕುರ್ಚಿ ಐತೇನೋ?

ಪ್ರಭುಲಿಂಗ: ಎಲ್ಲಾ ಅಂಗಡೀಲೂ ಐತೆ.

ತಿಪ್ಪಕ್ಕ: ಕಾಲಿಗೆ ಸುತ್ಕಳಾ ಪಟ್ಟಿ?

ಪ್ರಭುಲಿಂಗ: ಅದೂ ಐತೆ.

ತಿಪ್ಪಕ್ಕ: ಇನ್ನೇನೋ ಮುಖ ನೋಡ್ತೀಯ? ಬಿಲ್ ಹಾಕ್ಕಳೋ ಮಂಕೇ!

ಸೂರಿನಿಂದ ಕೀಲಿಮಣೆ ಕುಟ್ಟುವ ಸದ್ದು ಬಂತು, ಬಿಲ್ ಕಿರ್ರೆಂದದ್ದು ಕೇಳಿತು, ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಉಜ್ಜಿದ್ದು ಕೇಳಿತು. ಆಮೇಲೆ ಅದೇ ಉದ್ದದ ಉಸಿರು.

ಪ್ರಭುಲಿಂಗ: ಅಯ್ಯಯ್ಯೋ ಯವ್ವಾ...

ತಿಪ್ಪಕ್ಕ: ಹೆಂಗೈತೆ?

ಪ್ರಭುಲಿಂಗ: ಒಂದ್ಗಳಿಗೆ ಮಾತಾಡಿಸ್ಬ್ಯಾಡ ಅಜ್ಜಿ.

ಜಯಶೀಲಾ: ಸಾರ್, ನನ್ ಸ್ಟೂಲು?

ಪ್ರಭುಲಿಂಗ: ನಾಳೆ ಬರ್ತದೆ. ಮೇಲಿನ ಶೆಲ್ಫಿಂದ ಔಷಧಿ ಇಳ್ಸಾಕೆ ಅಂತ ಬರೀತೀನಿ. ಹತ್ತಾಕೆ ಸ್ಟೂಲ್ ಅಂದ್ರೆ ಕಂಪನಿ ಬ್ಯಾಡ ಅನ್ನಲ್ಲ.

ಜಯಶೀಲಾ: ಕುಂತ್ರೆ?

ಪ್ರಭುಲಿಂಗ: ಹತ್ತಾ ಮುಂಚೆ ಸುಧಾರಿಸ್ಕಂತಿದೀರಿ ಅಂತ ತಿಳ್ಕಂತೀನಿ. ಎಷ್ಟೊತ್ತು ಬೇಕಾದ್ರೂ ಸುಧಾರಿಸ್ಕಳ್ರಿ. ನೀವು ಬಿಟ್ಟು ಮಾತ್ರ ಹೋಗ್ಬ್ಯಾಡ್ರಿ, ಇನ್ನೊಂದು ಕೌಂಟ್ರಿಗೆ ನಿಲ್ಲಾಕೆ ನಂಗೆ ಕಾಲಿಲ್ಲ.

ತಿಪ್ಪಕ್ಕ: ಆ ಉಚ್ಚೆ ಗ್ರೂಪು?

ಪ್ರಭುಲಿಂಗ: ಅದನ್ನ ಈಗ್ಲೇ ತೆಗೀತೀನಿ. ಹೆಬ್ಬೆಟ್ಟು ಎತ್ತೆತ್ತಿ ನಂಗೂ ನಾಚ್ಕೆ ಆಗೈತೆ.

ತಿಪ್ಪಕ್ಕ ತೃಪ್ತಳಾಗಿ, ಕುರಿ ಉಣ್ಣೆ ಕತ್ತರಿಸಿ ಗಟ್ಟಿಯಾದ ತನ್ನ ಹೆಬ್ಬೆಟ್ಟಿನಿಂದ ಹಸಿರು ಮುಖವನ್ನು ಒತ್ತಿದಳು. ಒಂದು ಸಲ ಸಾಲದೆಂದು ಇನ್ನೊಂದು ಸಲ ಒತ್ತಿದಳು. ಹಿರಿಯೂರಿನಲ್ಲಿ ಜಯಶೀಲಾ ಕಾಲು ಚಾಚಿ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು, ದುರ್ಗದಲ್ಲಿ ಪ್ರಭುಲಿಂಗ ಸುತ್ತಿಕೊಳ್ಳುತ್ತಿದ್ದ. ಅಂಗಡಿಯ ಹಾಡು ತನ್ನ ಪಾಡಿಗೆ ನಡೆದಿತ್ತು. ತಿಪ್ಪಕ್ಕ ಡಾಕ್ಟರ ಚೀಟಿ ಹಿಡಿದು ಕೌಂಟರಿನೊಳಗೆ ಇಣುಕಿದಳು. ಅಲ್ಲಿ ಯಾರೂ ಇರಲಿಲ್ಲ.

ತಿಪ್ಪಕ್ಕ: ಅಲ್ರಪ್ಪ, ಇಲ್ಲಿರೋಳೂ ಗಿರಾಕಿ, ಅಲ್ಲಿರೋನೂ ಗಿರಾಕಿ, ನಾನಂತೂ ಮೊದ್ಲಿಂದ ಗಿರಾಕಿ. ಇನ್ನ ನಮ್ಮೆಜಮಾನನ ಮಾತ್ರೆ ಕೊಡೋರ್ಯಾರು?

ಪ್ರಭುಲಿಂಗ: ಎರಡೇ ನಿಮಿಷ ಅಜ್ಜಿ. ಅಲ್ಲೀ ತಂಕ ಕುಂತ್ಕಾ.

ತಿಪ್ಪಕ್ಕ: ಎಲ್ಲೋ ಕುಂತ್ಕಳ್ಳಿ? ಇರೋದೊಂದೇ ಕುರ್ಚಿ, ಅದ್ರಾಗೆ ಗಿರಾಕಿ ಕುಂತವ್ಳೆ!