ಮ್ಯೂರಿಯಲ್ ಹೆಸರಿನ ಕೆಳಗೆ

ಬೆಳಿಗ್ಗೆ ಒಂಬತ್ತಕ್ಕೆ ಮೇಲಿನ ಕಚೇರಿಯಿಂದ ಬಂದ ಸುತ್ತೋಲೆ ಒಂದೇ ಪುಟದ್ದು. ಒಂದೇ ಕೆಲಸಕ್ಕೆ ಹೆಂಗಸಾದರೆ ಒಂದು ಪದ, ಗಂಡಸಾದರೆ ಇನ್ನೊಂದು ಪದ ಇನ್ನು ಮೇಲೆ ಬೇಡ, ಇಬ್ಬರಿಗೂ ಹೊಂದುವ ಪದವನ್ನೇ ಬಳಸಿ ಎಂದಿತ್ತು. ಯಾರ್ಕ್‌ಷೈರಿನ ಥಾರ್ನ್‌ಬೆಕ್ ಊರಿನ ಪಂಚಾಯ್ತಿ ಗುಮಾಸ್ತ ಸೆಡ್ರಿಕ್ ಹಾಬ್ಸನ್ ಅದನ್ನು ಓದಿ, ಮೇಜಿನ ಮೇಲಿದ್ದ ಹಿತ್ತಾಳೆ ಫಲಕ ನೋಡಿ, ಬಿಸಿ ಆಲೂಗಡ್ಡೆ ಬಾಯಿಗೆ ಹಾಕಿಕೊಂಡವನಂತಾದ. ‘ಮ್ಯೂರಿಯಲ್ ಡಾಸನ್, ಪೋಸ್ಟ್‌ಮಿಸ್ಟ್ರೆಸ್, ಇಪ್ಪತ್ತಾರು ವರ್ಷ’ ಎಂದು ಹೆಂಗಸಿನ ಪದವನ್ನೇ ಕೆತ್ತಿಸಿಯಾಗಿತ್ತು. ಸಂಜೆ ನಾಲ್ಕಕ್ಕೆ ಅವಳ ಬೀಳ್ಕೊಡುಗೆ.

ಮ್ಯೂರಿಯಲ್ ವಿಧವೆ, ಸೆಡ್ರಿಕ್ ಮದುವೆಯಾಗದವನು. ಹನ್ನೊಂದು ವರ್ಷದಿಂದ ಅವನು ದಿನಾ ಹೋಗಿ ಒಂದೊಂದೇ ಅಂಚೆಚೀಟಿ ಕೊಳ್ಳುತ್ತಿದ್ದ. ಕಾಗದ ಬರೆಯಲು ಅವನಿಗೆ ಯಾರೂ ಇರಲಿಲ್ಲ. ಗಾಜಿನ ಆಚೆಯಿಂದ ಅವಳು ನಕ್ಕರೆ ಆ ನಗು ರಾತ್ರಿಯ ಊಟದವರೆಗೂ ಅವನ ಜೊತೆಗಿರುತ್ತಿತ್ತು. ನಾಳೆಯಿಂದ ಅಲ್ಲಿ ಬೇರೆಯವರು. ಇವತ್ತು ಫಲಕ ಕೊಡುವಾಗ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಬಿಡುವುದೆಂದು ಅವನು ಕನ್ನಡಿಯೆದುರು ಅಭ್ಯಾಸ ಕೂಡ ಮಾಡಿದ್ದ.

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷೆ ಶ್ರೀಮತಿ ಥ್ಯಾಕ್ರೆ ಬಂದರು. “ನೋಡಿದ್ರಾ ಸೆಡ್ರಿಕ್? ಚೇರ್‌ವುಮನ್ ಹೋಯ್ತು, ನನ್ನನ್ನ ಬರೀ ಚೇರ್ ಅನ್ನಬೇಕಂತೆ. ನಾಲ್ಕು ಕಾಲಿನ ಕುರ್ಚೀನಾ ನಾನು? ಇರಲಿ, ನಿಯಮ ನಿಯಮಾನೇ. ಆ ಫಲಕ ಬದಲಾಯಿಸಿ.”

ಸೆಡ್ರಿಕ್ ಎದುರುಬೀದಿಯ ಕೆತ್ತನೆಗಾರ ವಿಲ್ಫ್ ಮೆಟ್ಕಾಫ್‌ನ ಅಂಗಡಿಗೆ ಓಡಿದ. ಫಲಕದ ಹಿಂಬದಿಗೆ ‘ಪೋಸ್ಟ್‌ಮಾಸ್ಟರ್’ ಬಂತು.

ಪೋಸ್ಟ್‌ಮ್ಯಾನ್ ಲೆನ್ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. “ಮಾಸ್ಟರಾ? ಕೆಳಗೊಂದು ಮೀಸೇನೂ ಕೆತ್ತಿಸಿಬಿಡಿ ಹಾಬ್ಸನ್ನರೇ!”

“ಹಾಗಾದ್ರೆ ಪೋಸ್ಟ್‌ಪರ್ಸನ್ ಅನ್ನಿ,” ಎಂದರು ಥ್ಯಾಕ್ರೆ.

ಲೆನ್‌ನ ನಗು ನಿಂತಿತು. “ಪೋಸ್ಟ್‌ಪರ್ಸನ್ ಅಂದ್ರೆ ನಾನು! ಸೈಕಲ್ ತುಳಿಯೋನು ನಾನು, ನಾಯಿ ಕೈಲಿ ಕಚ್ಚಿಸಿಕೊಳ್ಳೋನು ನಾನು. ಫಲಕ ಅವಳಿಗಾ?”

ಮತ್ತೆ ಏದುಸಿರು ಬಿಡುತ್ತ ಅಂಗಡಿಗೆ ಬಂದ ಸೆಡ್ರಿಕ್‌ನನ್ನು ಕಂಡು ವಿಲ್ಫ್ ಉಳಿ ಕೆಳಗಿಟ್ಟ. “ಅಲ್ಲಯ್ಯ, ಏನಂತ ಕರೀಬೇಕು ಅಂತ ಆಯಮ್ಮನ್ನೇ ಕೇಳಬಾರದಾ?”

ಕೇಳಬಹುದಿತ್ತು. ಆದರೆ ಅವಳೆದುರು ನಿಂತರೆ ಸೆಡ್ರಿಕ್‌ನ ನಾಲಿಗೆ ಹವಾಮಾನ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. “ನೀನೇ ಹೋಗಿ ಕೇಳಪ್ಪ,” ಎಂದ. “ಬೇಗ ಬಾ.”

ವಿಲ್ಫ್ ಬೇಗ ಬರಲಿಲ್ಲ. ಎರಡು ಗಂಟೆ ಕಳೆಯಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ, ಕಾಗದ ಸುತ್ತಿದ ಹೊಸ ಫಲಕ ಹಿಡಿದು ಸಿಳ್ಳೆ ಹಾಕುತ್ತ ಬಂದ.

ಊರೆಲ್ಲ ಸೇರಿತ್ತು. ಮ್ಯೂರಿಯಲ್ ಕಾಗದ ಬಿಚ್ಚಿದಳು: ‘ಮ್ಯೂರಿಯಲ್ ಡಾಸನ್. ನಮ್ಮ ಅಂಚೆಮನೆ ನಡೆಸಿದವರು.’ ಚಪ್ಪಾಳೆ ಬಿತ್ತು. ಥ್ಯಾಕ್ರೆ, ಲೆನ್ ಇಬ್ಬರೂ ತಲೆಯಾಡಿಸಿದರು. ಸೆಡ್ರಿಕ್ ಟೈ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟ.

“ಇಪ್ಪತ್ತಾರು ವರ್ಷ ಎಲ್ರೂ ಏನೇನೋ ಕೇಳಿದ್ರಿ,” ಎಂದಳು ಮ್ಯೂರಿಯಲ್. “ನಿನಗೇನು ಇಷ್ಟ ಅಂತ ಕೇಳಿದೋರು ವಿಲ್ಫ್ ಒಬ್ರೇ. ಒಂದೊಂದು ಪದಾನೂ ಹೇಳಿ ನೋಡಿ ನಕ್ಕೂ ನಕ್ಕೂ ಸಾಕಾಯ್ತು. ಗಂಡ ಹೋದ ಮೇಲೆ ನಾನು ಹಾಗೆ ನಕ್ಕಿದ್ದೇ ಇಲ್ಲ. ಭಾನುವಾರ ಇಬ್ರೂ ಸಮುದ್ರ ನೋಡೋಕೆ ಹೋಗ್ತಿದೀವಿ.”

ಮತ್ತೆ ಚಪ್ಪಾಳೆ. ಮ್ಯೂರಿಯಲ್ ನೇರ ಬಂದು ಸೆಡ್ರಿಕ್‌ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಅವನು ಅಂದುಕೊಂಡಿದ್ದಕ್ಕಿಂತ ಬೆಚ್ಚಗಿತ್ತು.

“ಅವರನ್ನ ಕಳಿಸಿದ್ದು ನೀವಂತೆ. ನಿಮ್ಮ ಉಪಕಾರ ಮರೆಯಲ್ಲ.”

“ಅಯ್ಯೋ, ಅದೇನು ಮಹಾ,” ಎಂದ ಸೆಡ್ರಿಕ್.

ಬಾಗಿಲಲ್ಲಿ ವಿಲ್ಫ್ ಅವಳ ಕೋಟು ಹಿಡಿದು ನಿಂತಿದ್ದ. ಅವಳು ಕೈ ಬಿಟ್ಟು ಹೊರಟಳು. ಸೆಡ್ರಿಕ್‌ನ ಕೈಗಳು ಮಾತ್ರ ಹಿಡಿಸಿಕೊಂಡ ಹಾಗೆಯೇ ಮುಂದಕ್ಕೆ ಚಾಚಿದ್ದವು. ಕೇಕು ಹಂಚುತ್ತ ಬಂದ ಲೆನ್, ಪಾಪ, ಇವರಿಗೆ ಇನ್ನೂ ಬಂದಿಲ್ಲ ಎಂದುಕೊಂಡು ಅವುಗಳಲ್ಲಿ ಒಂದು ತಟ್ಟೆ ಇಟ್ಟು ಹೋದ.