ಮಕ್ಕಳಿಗೆ ನಮ್ಮ ನಿಂಬೆ ಗಿಡ ತಿನ್ನಿಸಿ ಎದುರು ಮನೆಯ ಹೂವಿಗೆ ಕಳಿಸಿದ ಚಿಟ್ಟೆಯವರಿಗೆ

ಮಾನ್ಯ ನಿಂಬೆ ಚಿಟ್ಟೆಯವರೇ,

ಕಪ್ಪು ಬಟ್ಟೆಯ ಮೇಲೆ ತಿಳಿಹಳದಿ ಚುಕ್ಕೆಗಳನ್ನು ಒಂದು ಹೊಲಿಗೆಯೂ ಕಾಣದಂತೆ ಕೂರಿಸಿಕೊಂಡು ಓಡಾಡುವ ತಮಗೆ, ಊರವರ ಬಟ್ಟೆ ಹೊಲಿದೇ ಬೆನ್ನು ಬಾಗಿಸಿಕೊಂಡ ದರ್ಜಿಯೊಬ್ಬನ ಸವಿನಯ ನಮಸ್ಕಾರಗಳು. ತಾವು, ತಮ್ಮ ಮಕ್ಕಳು, ಇನ್ನೂ ಮೊಟ್ಟೆಯಲ್ಲಿರುವ ತಮ್ಮ ವಂಶದ ಕುಡಿಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಂಬದಿರಲು ಕಾರಣವೂ ಇಲ್ಲ, ಏಕೆಂದರೆ ತಮ್ಮ ಕ್ಷೇಮದ ಹೊಣೆಯನ್ನೆಲ್ಲ ನಮ್ಮ ಬಾಲ್ಕನಿಯ ನಿಂಬೆ ಗಿಡವೇ ಹೊತ್ತಿದೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ಓದು ಬಾರದಿದ್ದರೂ ಎದುರು ಮನೆಯವರಿಗೆ ಬರುತ್ತದೆ.

ಎದುರು ಮನೆಯೆಂದರೆ ನಮ್ಮ ಬೀಗರ ಮನೆ. ಒಬ್ಬಳೇ ಮಗಳನ್ನು ರಸ್ತೆ ದಾಟಿದರೆ ಸಿಗುವ ಮನೆಗೇ ಕೊಟ್ಟೆವಲ್ಲ ಎಂದು ಮದುವೆಯ ದಿನ ನಾನೂ ನನ್ನ ಹೆಂಡತಿಯೂ ಹಿಗ್ಗಿದ್ದೇ ಹಿಗ್ಗಿದ್ದು. ದೂರದ ಊರಿಗೆ ಕೊಟ್ಟಿದ್ದರೆ ರಜೆಗೆ ಬಂದು ಒಂದು ವಾರವಾದರೂ ಇರುತ್ತಿದ್ದಳೆಂಬುದು ಆಮೇಲೆ ಹೊಳೆಯಿತು. ಇಷ್ಟು ಹತ್ತಿರ ಇರುವವಳು ಬರುವುದಾದರೂ ಯಾಕೆ? ಆ ಕಡೆಯ ಬಾಲ್ಕನಿಯಿಂದ ಕೈಬೀಸಿ, "ಊಟ ಆಯ್ತಾಪ್ಪಾ?" ಎಂದು ಕೂಗಿ, ಆಯಿತೆಂದರೆ ಒಳಗೆ ಹೋಗಿಬಿಡುತ್ತಾಳೆ. ಅವಳು ಕೂರುತ್ತಿದ್ದ ಕುರ್ಚಿಯ ಮೇಲೆ ಈಗ ಗುಂಡಿ ಹಾಕಬೇಕಾದ ಪ್ಯಾಂಟುಗಳು ಕೂತಿವೆ.

ಅವಳಿಗೆ ಚಿಕ್ಕಂದಿನಿಂದಲೂ ಚಿಟ್ಟೆಗಳ ಹುಚ್ಚು. ಬೀಗಿತ್ತಿಯವರ ಬಾಲ್ಕನಿಯಲ್ಲಿ ಕೇಪಳ, ಪೆಂಟಾಸ್, ದಾಸವಾಳಗಳು ಮೈತುಂಬ ಹೂ ಬಿಟ್ಟಿರುವುದರಿಂದ ಬಿಡುವಾದಾಗಲೆಲ್ಲ ಮೊಬೈಲ್ ಹಿಡಿದು ಅಲ್ಲೇ ಠಿಕಾಣಿ ಹೂಡುತ್ತಾಳೆ. ಚಿಟ್ಟೆ ನಮ್ಮಲ್ಲಿಗೆ ಬಂದರೆ ಅದರ ಹಿಂದೆ ಮಗಳೂ ಬಂದಾಳೆಂಬ ದುರಾಸೆಯಿಂದ ನಾನೂ ನರ್ಸರಿಗೆ ಹೋದೆ. "ಇದನ್ನಿಟ್ರೆ ಚಿಟ್ಟೆಗಳು ಓಡಿಸಿದ್ರೂ ಹೋಗಲ್ಲ" ಎಂದು ನರ್ಸರಿಯವನು ಆಣೆ ಮಾಡಿ ಕೊಟ್ಟ ಗಿಡಗಳನ್ನೆಲ್ಲ ಹೊತ್ತು ತಂದೆ. ನಮ್ಮ ಕಡೆ ಬಿಸಿಲು ಸುಮ್ಮನೆ ಮುಖ ತೋರಿಸಿ ಹೋಗುವುದರಿಂದ ಕೇಪಳ ಬರೀ ಎಲೆ ಬಿಟ್ಟಿತು, ಪೆಂಟಾಸ್ ಸೊರಗಿತು, ದಾಸವಾಳ ಮೊಗ್ಗು ಉದುರಿಸುವುದನ್ನೇ ಕಸುಬು ಮಾಡಿಕೊಂಡಿತು. ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ನನ್ನ ಹೂಗಿಡಗಳತ್ತ ಕಣ್ಣೆತ್ತಿಯೂ ನೋಡದೆ, ಮೂಲೆಯಲ್ಲಿ ತನ್ನ ಪಾಡಿಗೆ ತಾನಿದ್ದ ನಿಂಬೆಯ ಚಿಗುರಿಗೆ ಮೊಟ್ಟೆ ಅಂಟಿಸಿ, ಹೇಳದೆ ಕೇಳದೆ ಹೊರಟುಹೋದಿರಿ.

ತಮ್ಮ ಮಕ್ಕಳ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಮೊದಲು ಹಕ್ಕಿಯ ಹಿಕ್ಕೆಯ ವೇಷ ಹಾಕಿ ನನ್ನ ಕಣ್ಣಿಗೆ ಮಣ್ಣೆರಚಿದರು. ಒರೆಸಲು ಹೋದಾಗ ಹಿಕ್ಕೆಯೇ ನಡೆಯತೊಡಗಿದ್ದನ್ನು ಕಂಡು ನಾನು ಕಿರುಚಿದ್ದು ನಿಜ. ಆಮೇಲೆ ಹಸಿರು ಅಂಗಿ ತೊಟ್ಟು, ನನ್ನ ಕತ್ತರಿಗಿಂತ ಅಚ್ಚುಕಟ್ಟಾಗಿ ಎಲೆಯನ್ನು ಅಂಚಿನಿಂದ ಕತ್ತರಿಸುತ್ತ ಬಂದು, ಒಂದು ಚೂರನ್ನೂ ದಂಡ ಮಾಡಲಿಲ್ಲ. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರತೆಗೆದು, ನಾತ ಬಿಟ್ಟು, ಮನೆಯ ಯಜಮಾನ ಯಾರೆಂದು ನನಗೆ ತಿಳಿಸಿಕೊಟ್ಟರು. ಔಷಧಿ ಸಿಂಪಡಿಸೋಣವೆಂದು ತಂದರೆ ನನ್ನ ಹೆಂಡತಿ ಬಾಟಲಿಯನ್ನೇ ಬಚ್ಚಿಟ್ಟು, "ತಿನ್ನೋ ವಯಸ್ಸು, ತಿನ್ಲಿ ಬಿಡಿ" ಎಂದಳು. ನನಗೆ ಎರಡನೇ ಸಲ ಬಡಿಸುವಾಗ ಆಕೆ ಇಂಥ ಔದಾರ್ಯ ತೋರಿಸಿದ ನೆನಪಿಲ್ಲ.

ಕೊನೆಗೆ, ಉಳಿದಿದ್ದ ಬೋಳು ಕಡ್ಡಿಗೆ ಒಂದೇ ಎಳೆ ದಾರದಲ್ಲಿ ತನ್ನನ್ನು ಬಿಗಿದುಕೊಂಡು ಮಲಗಿದ್ದ ತಮ್ಮ ಹಿರಿಯ ಮಗಳು ಒಂದು ಬೆಳಗ್ಗೆ ಹೊರಬಂದಳು. ನಾನು ಮೆಷಿನ್ ನಿಲ್ಲಿಸಿ ನೋಡುತ್ತಿದ್ದಂತೆ ಮುದುರಿದ್ದ ರೆಕ್ಕೆ ಇಸ್ತ್ರಿ ಹಾಕಿದ ಹಾಗೆ ಬಿಚ್ಚಿಕೊಂಡಿತು. ಸುಳ್ಳೇಕೆ, ಕಣ್ಣು ತುಂಬಿ ಬಂತು. ರೆಕ್ಕೆ ಆರಿದ್ದೇ ತಡ, ಆಕೆ ನಮ್ಮತ್ತ ತಿರುಗಿಯೂ ನೋಡದೆ ರಸ್ತೆ ದಾಟಿ ಬೀಗಿತ್ತಿಯವರ ಪೆಂಟಾಸ್ ಮೇಲೆ ಕೂತಳು. "ನೋಡ್ರೀ, ನಮ್ಮ ಹೂವಿಗೆ ಎಂಥಾ ಚಿಟ್ಟೆ ಬಂದಿದೆ!" ಎಂದು ಅವರು ಬೀದಿಗೆಲ್ಲ ಕೇಳುವಂತೆ ಸಾರಿ, ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. "ನಮ್ಮ ಸೊಸೆ ಎಷ್ಟು ಚುರುಕು!" ಎಂದು ಅವರು ಸಾರುವುದೂ ಇದೇ ಧ್ವನಿಯಲ್ಲೇ. ಸಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಆದುದರಿಂದ ನನ್ನ ಬಿನ್ನಹವೇನೆಂದರೆ, ಇನ್ನು ಮುಂದೆ ತಮ್ಮ ಮಕ್ಕಳು ಎದುರು ಮನೆಗೆ ಹೋಗುವಾಗ, ನಾವು ಕಾಲರಿನ ಒಳಗೆ ಅಂಗಡಿಯ ಹೆಸರಿನ ಪಟ್ಟಿ ಹೊಲಿಯುತ್ತೇವಲ್ಲ, ಹಾಗೆ ರೆಕ್ಕೆಯ ಅಂಚಿನಲ್ಲಿ 'ದರ್ಜಿಯ ಮನೆಯ ನಿಂಬೆ ಗಿಡದಲ್ಲಿ ಬೆಳೆದದ್ದು' ಎಂಬ ಪಟ್ಟಿಯನ್ನು ಧರಿಸತಕ್ಕದ್ದು; ಪಟ್ಟಿಯನ್ನು ನಾನೇ ಹೊಲಿದುಕೊಡುತ್ತೇನೆ. ರಸ ಹೀರುವ ಮುನ್ನ ಒಮ್ಮೆ ನಮ್ಮ ಕಡೆ ತಿರುಗಿ ರೆಕ್ಕೆ ಬಡಿಯತಕ್ಕದ್ದು. ಎಲೆ ತಿನ್ನುವ ಕಾಲವನ್ನು ಎದುರು ಮನೆಯಲ್ಲೂ ಹಾರಾಡುವ ಕಾಲವನ್ನು ನಮ್ಮಲ್ಲೂ ಕಳೆಯುವಂತೆ ತಮ್ಮ ಬದುಕನ್ನು ಸ್ವಲ್ಪ ಹಿಂದುಮುಂದು ಮಾಡಿಕೊಳ್ಳಲು ಸಾಧ್ಯವೇ ಎಂದೂ ದಯವಿಟ್ಟು ಪರಿಶೀಲಿಸಬೇಕು.

ಇಷ್ಟು ಬರೆದು ಸಹಿ ಹಾಕುವವನಿದ್ದೆ, ಬಾಗಿಲು ಬಡಿದ ಸದ್ದಾಯಿತು. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ ಮಗಳು, ಇದು ನಿಂಬೆಯ ಎಲೆ ತಿಂದು ಬೆಳೆಯುವ ಚಿಟ್ಟೆಯೆಂದು ಎಲ್ಲೋ ಓದಿ, ಬೀದಿಯಲ್ಲಿ ನಿಂಬೆ ಇರುವುದು ಅಪ್ಪನ ಬಾಲ್ಕನಿಯಲ್ಲಿ ಮಾತ್ರ ಎಂಬುದನ್ನು ನೆನಪಿಸಿಕೊಂಡು, ತಲೆಯನ್ನೂ ಬಾಚದೆ ರಸ್ತೆ ದಾಟಿ ಬಂದಿದ್ದಳು. ಬೋಳು ಗಿಡದಲ್ಲಿ ಆಗಷ್ಟೇ ಒಡೆದಿದ್ದ ಚಿಗುರಿಗೆ ತಾವು ಮತ್ತೆ ಅಂಟಿಸಿಹೋಗಿದ್ದ ಮೊಟ್ಟೆಗಳನ್ನು ಕಂಡು ನೆಲದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಅಪ್ಪಾ, ಇವನ್ನ ಮುಟ್ಬೇಡ. ದೊಡ್ಡದಾಗೋವರೆಗೂ ದಿನಾ ಬಂದು ನೋಡ್ತೀನಿ" ಎಂದಳು. ನನ್ನ ಹೆಂಡತಿ ಕುರ್ಚಿಯ ಮೇಲಿನ ಪ್ಯಾಂಟುಗಳನ್ನೆಲ್ಲ ಎತ್ತಿ ನನ್ನ ತೋಳಿಗೆ ಹಾಕಿದಳು.

ಆದ್ದರಿಂದ ಮೇಲ್ಕಂಡ ದೂರುಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಎಲೆ, ಚಿಗುರು, ಬೇಕಾದರೆ ತೊಟ್ಟೂ ತಮ್ಮದೇ. ಒಂದೇ ಒಂದು ಕೋರಿಕೆ ಉಳಿದಿದೆ: ಯಾವ ಅವಸರವೂ ಇಲ್ಲವೆಂದು ತಮ್ಮ ಮಕ್ಕಳಿಗೆ ಹೇಳಿ. ನಿಧಾನವಾಗಿ ಅಗಿದು ತಿನ್ನಲಿ, ಆದಷ್ಟು ತಡವಾಗಿ ದೊಡ್ಡವರಾಗಲಿ.

ಎಂದೆಂದೂ ತಮ್ಮ ವಿಶ್ವಾಸಿ,
ನಿಂಬೆ ಗಿಡಕ್ಕೆ ನೀರು ಹಾಕುವ ಹಕ್ಕು ಮಾತ್ರ ಉಳಿದಿರುವ ದರ್ಜಿ

ಮರೆತ ಮಾತು: ಮಗಳು ಇಲ್ಲಿಗೆ ಬಂದು ಕೂತದ್ದನ್ನು ಕಂಡ ಬೀಗಿತ್ತಿಯವರು ಇವತ್ತು ಸಂಜೆ ಆಳೆತ್ತರದ ನಿಂಬೆ ಗಿಡವೊಂದನ್ನು ಹೊರಿಸಿಕೊಂಡು ಬಂದಿದ್ದಾರೆ. ಹೊಸ ಗಿಡಕ್ಕೆ ಹುಳು ಬೀಳದಿರಲೆಂದು, ನಮ್ಮಲ್ಲಿ ಮುಚ್ಚಳವನ್ನೂ ತೆರೆಯದೆ ಉಳಿದಿದ್ದ ಔಷಧಿಯ ಬಾಟಲಿಯನ್ನು ಹೆಂಡತಿ ಬಚ್ಚಿಟ್ಟಲ್ಲಿಂದ ಹುಡುಕಿ, ಬೀಗತನದ ಪ್ರೀತಿಯಿಂದ ನಾನೇ ಕೊಟ್ಟು ಬಂದೆ. ಹೂವಿಗೆ ಅಲ್ಲಿಗೆ ಹೋದರೂ ಪರವಾಗಿಲ್ಲ, ಮೊಟ್ಟೆಗೆ ಮಾತ್ರ ತವರಿಗೇ ಬನ್ನಿ.